ಉಪಪತ್ತಿ ಎಲ್ಲಿತ್ತು? ಸಟಾಣಾದಲ್ಲಿ ಬರೆದ ಟಿಪ್ಪಣಿಗಳು

ಹೆರ್ಮಾನ್ ಹಾಂಕೆಲ್ ಎಂಬ ಜರ್ಮನ್ ಗಣಿತಜ್ಞ ತನ್ನ ಗಣಿತ ಚರಿತ್ರೆಯಲ್ಲಿ ಭಾಸ್ಕರಾಚಾರ್ಯನ ಚಕ್ರವಾಲ ಪದ್ಧತಿಯನ್ನು ಹೊಗಳುತ್ತಾನೆ. ಸಂಖ್ಯಾಸಿದ್ಧಾಂತದಲ್ಲಿ ಲಗ್ರಾಂಜನಿಗಿಂತ ಮುಂಚೆ ಇಷ್ಟು ನಯವಾದ ಕೆಲಸ ಇನ್ನೊಂದಿಲ್ಲ ಎನ್ನುವಷ್ಟು ಹೊಗಳುತ್ತಾನೆ. ಅದೇ ಪುಸ್ತಕದಲ್ಲಿ, ಈ ಹಿಂದೂ ಗಣಿತಜ್ಞರು ಆಕೃತಿ ಬರೆದು ‘ನೋಡು’ ಅಂದುಬಿಡುತ್ತಾರೆ, ಗ್ರೀಕರ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಸಾಧಿಸಿ ತೋರಿಸುವುದಿಲ್ಲ ಎಂಬ ಧಾಟಿಯೂ ಇದೆ. ಎರಡೂ ಮಾತು ಒಬ್ಬನದೇ. ಸಾಧನೆಯೇ ಇಲ್ಲದೆ ಇಷ್ಟು ನಯವಾದ ಪದ್ಧತಿ ಹುಟ್ಟಿದ್ದು ಹೇಗೆ ಎಂದು ಅವನಿಗೆ ಆಶ್ಚರ್ಯವಾಗಲಿಲ್ಲವೆ? ನನಗಂತೂ ಆಗಿದೆ. ಈ ಟಿಪ್ಪಣಿಗಳೆಲ್ಲ ಅದರದೇ ಬೆನ್ನು ಹತ್ತಿ ಬರೆದವು.

*

ನಾನಿರುವುದು ಸಟಾಣಾದಲ್ಲಿ. ನಾಸಿಕ ಜಿಲ್ಲೆ, ಬಾಗಲಾಣ ತಾಲೂಕಿನ ಕೇಂದ್ರ. ಉಳ್ಳಾಗಡ್ಡಿ, ದ್ರಾಕ್ಷಿ, ದಾಳಿಂಬೆಯ ಸೀಮೆ. ವಿಜಯಪುರದಿಂದ ಮಾಮಾನ ಜೊತೆ ದಾಳಿಂಬೆ ಸಸಿ ನೋಡಲು ಬಂದಿದ್ದೇನೆ. ಸಸಿ ಅವನಿಗೆ, ನನಗೆ ಬೇಸಿಗೆ ರಜೆ. ಚೀಲದಲ್ಲಿ ಹಾಂಕೆಲ್‌ನ ಬಗ್ಗೆ ಬರೆದುಕೊಂಡ ಹಾಳೆಗಳಿವೆ. ಇಲ್ಲಿಂದ ಮಾಲೇಗಾಂವ, ಚಾಳೀಸ್‌ಗಾಂವ ದಾಟಿದರೆ ಪಾಟಣೆ. ಭಾಸ್ಕರನ ಮೊಮ್ಮಗ ಹಾಕಿಸಿದ ಶಾಸನದ ಊರು ಅದು.

ನರ್ಸರಿಯವನಿಗೆ ನಾನು ಗಣಿತದ ಮಾಸ್ತರ ಎಂದು ಗೊತ್ತಾದ ಕೂಡಲೇ ‘ಭಾಸ್ಕರಾಚಾರ್ಯ ಆಮ್ಚೇ’ ಎಂದ. ಮಾಮಾ ಸುಮ್ಮನಿರುವ ಪೈಕಿ ಅಲ್ಲ. ‘ಹ್ಯಾಂಗ್ರಿ ನಿಮ್ಮವ? ನಮ್ಮ ಬಿಜಾಪುರದವ’ ಎಂದು ಶುರುಮಾಡಿದ. ಗೂಟಿ ಕಟ್ಟಿದ ಸಸಿಯ ದರ ಅಲ್ಲಿಗೇ ನಿಂತಿತು.

ಭಾಸ್ಕರ ಸ್ವತಃ ಹೇಳಿಕೊಂಡಿರುವುದು ಇಷ್ಟು: ಸಹ್ಯ ಪರ್ವತದ ಬಳಿಯ ವಿಜ್ಜಡವಿಡ ತನ್ನ ಊರು, ಹುಟ್ಟಿದ್ದು ಶಕ 1036, ಅಂದರೆ 1114. ನಮ್ಮ ಕಡೆ ಇದನ್ನು ವಿಜಯಪುರ ಅನ್ನುತ್ತೇವೆ. ಇಲ್ಲಿಯವರು ಪಾಟಣೆಯ ಸುತ್ತಲ ಯಾವುದೋ ಊರು ಅನ್ನುತ್ತಾರೆ. ವಿಜಯಪುರದಲ್ಲಿ ನಿಂತರೆ ಸಹ್ಯಾದ್ರಿ ಕಾಣುವುದಿಲ್ಲ. ಇಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಅದರದೇ ಕವಲು. ಊರಿನವರು ಸಿಟ್ಟಾಗಲಿ, ವಾದದಲ್ಲಿ ಇವರ ಕಡೆ ತೂಕ ಹೆಚ್ಚು ಎಂದೇ ನನ್ನ ಅನಿಸಿಕೆ. ಮಾಮಾನಿಗೆ ಹೇಳಿಲ್ಲ. ದರ ಇನ್ನೂ ಕುದುರಬೇಕಿದೆ.

*

ಹಾಂಕೆಲ್ ಯಾರು? ಎಂಜಿನಿಯರಿಂಗ್ ಓದಿದವರಿಗೆ ಹಾಂಕೆಲ್ ಮ್ಯಾಟ್ರಿಕ್ಸ್, ಹಾಂಕೆಲ್ ಫಂಕ್ಷನ್ ಎಂದು ಹೆಸರು ಗೊತ್ತು, ಮನುಷ್ಯ ಗೊತ್ತಿಲ್ಲ. 1839ರಲ್ಲಿ ಹಾಲೆ ಪಟ್ಟಣದಲ್ಲಿ ಹುಟ್ಟಿದ. ತಂದೆ ಭೌತಶಾಸ್ತ್ರದ ಪ್ರೊಫೆಸರ್. ಹುಡುಗ ಲೈಪ್‌ಜಿಗ್‌ನ ಶಾಲೆಯಲ್ಲಿ ಗ್ರೀಕ್ ಕಲಿಯಬೇಕಾದಾಗ ಕಾವ್ಯ ಬಿಟ್ಟು ಪ್ರಾಚೀನ ಗಣಿತಗ್ರಂಥಗಳನ್ನೇ ಮೂಲದಲ್ಲಿ ಓದಿ ಭಾಷೆ ಕಲಿತನಂತೆ. ಮುಂದೆ ಲೈಪ್‌ಜಿಗ್‌ನಲ್ಲಿ ಮೋಬಿಯಸ್, ಗಟಿಂಗೆನ್‌ನಲ್ಲಿ ರೀಮಾನ್, ಬರ್ಲಿನ್‌ನಲ್ಲಿ ವೈಯರ್‌ಸ್ಟ್ರಾಸ್ ಮತ್ತು ಕ್ರೋನೆಕರ್. ಒಬ್ಬ ವಿದ್ಯಾರ್ಥಿಗೆ ಇಂಥ ಗುರುಗಳು ಸಾಲಾಗಿ ಸಿಗುವುದು ಎಲ್ಲಾದರೂ ಉಂಟೆ? ಎರ್ಲಾಂಗೆನ್‌ನಲ್ಲಿ, ಆಮೇಲೆ ಟ್ಯೂಬಿಂಗೆನ್‌ನಲ್ಲಿ ಪ್ರೊಫೆಸರ್ ಆದ. 1873ರ ಆಗಸ್ಟ್‌ನಲ್ಲಿ ಕಪ್ಪು ಕಾಡಿನ ಶ್ರಾಂಬೆರ್ಗ್‌ನಲ್ಲಿ ತೀರಿಕೊಂಡ. ವಯಸ್ಸು 34. ಪ್ರಾಚೀನ ಮತ್ತು ಮಧ್ಯಯುಗದ ಗಣಿತದ ಚರಿತ್ರೆ ಮುಗಿದಿರಲಿಲ್ಲ. ಬರೆದಷ್ಟನ್ನು ಮರುವರ್ಷ ಲೈಪ್‌ಜಿಗ್‌ನಲ್ಲಿ ಅಚ್ಚು ಹಾಕಿಸಿದರು.

ಅದಕ್ಕೆ ಮುಂಚೆ, 1867ರಲ್ಲಿ, ಅವನದೇ ಇನ್ನೊಂದು ಪುಸ್ತಕ ಬಂದಿತ್ತು, ಸಮ್ಮಿಶ್ರ ಸಂಖ್ಯೆಗಳ ಸಿದ್ಧಾಂತ. ಸಂಖ್ಯೆ ಎಂದರೆ ಕಣ್ಣಿಗೆ ಕಾಣುವ ವಸ್ತುವಿನ ಎಣಿಕೆಯೇ ಆಗಬೇಕಿಲ್ಲ. ನಿಯಮಗಳು ಒಂದಕ್ಕೊಂದು ವಿರೋಧವಾಗದೆ ನಿಂತರೆ ಸಾಕು. ಹೊಸ ಸಂಖ್ಯೆ ಸೇರಿಸುವಾಗ ಹಳೆಯ ನಿಯಮ ಆದಷ್ಟೂ ಉಳಿಯುವ ಹಾಗೆ ನೋಡಿಕೊಳ್ಳಬೇಕು. ಅದರ ತಿರುಳು ಇಷ್ಟೇ. ಋಣ ಗುಣಿಸು ಋಣ ಯಾಕೆ ಧನ ಎಂದು ಎಂಟನೆತ್ತೆಯ ಹುಡುಗ ಕೇಳಿದರೆ ನಾವು ಮಾಸ್ತರರು ಸುತ್ತಿ ಬಳಸಿ ಹೇಳುವುದು ಇದನ್ನೇ: ಹಾಗೆ ಇಟ್ಟುಕೊಂಡರೆ ಮಾತ್ರ ಹಳೆಯ ಲೆಕ್ಕ ಕೆಡುವುದಿಲ್ಲ.

ತರ್ಕದ ಈ ಮನುಷ್ಯ ಚರಿತ್ರೆ ಬರೆಯಲು ಕುಳಿತದ್ದರಲ್ಲೇ ವಿಶೇಷವಿದೆ. ಅವನಿಗೆ ಹಿಂದೂ ಗಣಿತ ಇಷ್ಟವಾದದ್ದೂ ತರ್ಕದ ಕಾರಣಕ್ಕೇ. ಎರಡರ ವರ್ಗಮೂಲವನ್ನು ಗ್ರೀಕರು ಸಂಖ್ಯೆ ಎನ್ನಲು ಹಿಂಜರಿದರು, ಗೆರೆಯ ಉದ್ದವೆಂದು ಪಕ್ಕಕ್ಕಿಟ್ಟರು. ಬ್ರಹ್ಮಗುಪ್ತ, ಭಾಸ್ಕರರು ಇಂಥ ಮೂಲಗಳನ್ನು, ಅಂದರೆ ಕರಣಿಗಳನ್ನು, ಬೇರೆ ಸಂಖ್ಯೆಗಳ ಹಾಗೆಯೇ ಕೂಡಿಸಿದರು, ಗುಣಿಸಿದರು. ಭಾಗಲಬ್ಧ, ಅಭಾಗಲಬ್ಧ ಎಂಬ ಭೇದವಿಲ್ಲದೆ ಲೆಕ್ಕದ ಕ್ರಿಯೆಗಳನ್ನು ನಡೆಸುವುದೇ ಬೀಜಗಣಿತವಾದರೆ ಅದನ್ನು ಕಂಡುಹಿಡಿದವರು ಬ್ರಾಹ್ಮಣರೇ ಎಂದು ಹಾಂಕೆಲ್ ತೀರ್ಪು ಕೊಟ್ಟ. 1870ರ ದಶಕದ ಯುರೋಪಿನಲ್ಲಿ ಇದು ಸಣ್ಣ ಮಾತಲ್ಲ.

*

ಭಾಸ್ಕರ ಹಾಂಕೆಲ್‌ನ ಮೇಜಿಗೆ ಬಂದದ್ದು ಕೋಲ್‌ಬ್ರೂಕ್‌ನ ಇಂಗ್ಲಿಷ್ ಅನುವಾದದಿಂದ. ಲಂಡನ್, 1817. ಅದಕ್ಕೂ ಒಂದು ವರ್ಷ ಮುಂಚೆ ಮುಂಬಯಿಯಲ್ಲೇ ಜಾನ್ ಟೇಲರ್ ಭಾಸ್ಕರನ ಲೀಲಾವತಿಯ ಅನುವಾದ ಅಚ್ಚು ಹಾಕಿಸಿದ್ದ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲೇ ಅದನ್ನು ಪಾರಸಿಗೆ ತಂದಿದ್ದ. ಸಹ್ಯಾದ್ರಿಯಿಂದ ಟ್ಯೂಬಿಂಗೆನ್‌ಗೆ ದಾರಿ ಬಲು ಉದ್ದ. ದಾರಿಯಲ್ಲಿ ಏನೋ ಬಿದ್ದುಹೋಯಿತೆ? ನನ್ನ ಅನುಮಾನ ಅಲ್ಲಿದೆ.

*

ಪಾಟಣೆಗೆ ಹೋಗಿ ಬಂದೆವು. ಚಾಳೀಸ್‌ಗಾಂವ ದಾಟಿದ ಮೇಲೆ ಬೆಟ್ಟಗಳು ಎದ್ದು ನಿಲ್ಲುತ್ತವೆ, ಗೌತಾಳಾ ಅಭಯಾರಣ್ಯ. ಬೆಟ್ಟದ ಆಚೆ ಛತ್ರಪತಿ ಸಂಭಾಜಿನಗರ ಜಿಲ್ಲೆ, ಘಾಟಿ ಹತ್ತಿದರೆ ಸಿಗುವ ತಾಲೂಕಿನ ಹೆಸರು ಕನ್ನಡ. ಫಲಕ ಕಂಡು ಮಾಮಾ ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳದೆ ಬಿಡಲಿಲ್ಲ.

ಇಲ್ಲಿಯ ಶಾಸನವನ್ನು ಹೊರಲೋಕಕ್ಕೆ ತಿಳಿಸಿದವನು ಮುಂಬಯಿಯ ವೈದ್ಯ ಭಾವು ದಾಜಿ, 1865ರಲ್ಲಿ. ಆಮೇಲೆ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಅದನ್ನು ಸಂಪಾದಿಸಿದವನು ಜರ್ಮನ್ ಪಂಡಿತ ಕೀಲ್‌ಹಾರ್ನ್. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಇದ್ದು ಗಟಿಂಗೆನ್‌ಗೆ ಮರಳಿದವನು. ಹಾಂಕೆಲ್ ರೀಮಾನ್‌ನ ಪಾಠ ಕೇಳಿದ್ದೂ ಗಟಿಂಗೆನ್‌ನಲ್ಲೇ. ಅದೇ ಊರಿಗೆ ಪಾಟಣೆಯ ಶಾಸನ ತಲುಪುವ ಹೊತ್ತಿಗೆ ಹಾಂಕೆಲ್ ಸತ್ತು ಹೋಗಿದ್ದ.

ಶಾಸನದಲ್ಲಿ ವಂಶಾವಳಿ ಇದೆ: ತ್ರಿವಿಕ್ರಮ, ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ, ಅವನ ಮಗ ನಮ್ಮ ಭಾಸ್ಕರ, ಅವನ ಮಗ ಲಕ್ಷ್ಮೀಧರ, ಅವನ ಮಗ ಚಂಗದೇವ. ಲಕ್ಷ್ಮೀಧರನನ್ನು ಯಾದವ ರಾಜ ಜೈತ್ರಪಾಲ ಇದೇ ಪುರದಿಂದ ಕರೆದೊಯ್ದು ಪಂಡಿತರ ಮುಖಂಡನನ್ನಾಗಿ ಮಾಡಿದನಂತೆ. ಚಂಗದೇವ ಸಿಂಘಣನ ಆಸ್ಥಾನ ಜ್ಯೋತಿಷಿ. ಕನ್ನಡದಲ್ಲಿ ಅಷ್ಟೊಂದು ಶಾಸನ ಬರೆಸಿದ ಸೇವುಣರ ಸಿಂಘಣನೇ ಇವನು. ಚಂಗದೇವ ಇಲ್ಲಿ ಒಂದು ಮಠ ಕಟ್ಟಿಸಿದ. ಯಾಕೆ? ಅಜ್ಜನ ಸಿದ್ಧಾಂತ ಶಿರೋಮಣಿಯನ್ನೂ ಉಳಿದ ಗ್ರಂಥಗಳನ್ನೂ ಅಲ್ಲಿ ವ್ಯಾಖ್ಯಾನ ಮಾಡಿ ಹೇಳಿಕೊಡಬೇಕೆಂದು. ಸ್ಥಳೀಯ ನಿಕುಂಭ ದೊರೆ ಸೋಯಿದೇವ 1207ರ ಆಗಸ್ಟ್ 9ರಂದು, ಶ್ರಾವಣದ ಹುಣ್ಣಿಮೆ ಚಂದ್ರಗ್ರಹಣದ ಹೊತ್ತಿನಲ್ಲಿ, ಆ ಮಠಕ್ಕೆ ದಾನ ಕೊಟ್ಟ.

ಆ ತಿಥಿಯ ಲೆಕ್ಕವನ್ನು ನಾನೇ ಹಾಕಿ ನೋಡಿದೆ. 2000ದ ಜನವರಿ 21ರ ಗ್ರಹಣದಿಂದ ಹಿಂದಕ್ಕೆ 9,801 ಚಾಂದ್ರಮಾಸ ಎಣಿಸಿದರೆ ಸರಿಯಾಗಿ ಅಲ್ಲಿಗೇ ಬರುತ್ತದೆ. ಚಂದ್ರನ ಪಾತವೂ ಅಂದು ಹತ್ತಿರದಲ್ಲೇ ಇದೆ. ಗ್ರಹಣ ನಿಜ. ಕಲ್ಲು ಸುಳ್ಳು ಹೇಳಿಲ್ಲ.

ಶಾಸನದ ಕೊನೆಯ ಸಾಲುಗಳು ಸಂಸ್ಕೃತ ಬಿಟ್ಟು ಹಳೆಯ ಮರಾಠಿಗೆ ಇಳಿಯುತ್ತವೆ. ದಾನದ ವಿವರವಲ್ಲವೆ, ಊರಿನವರಿಗೆ ತಿಳಿಯಬೇಕು. ಎಷ್ಟು ಗಾಣ ನಡೆಯುತ್ತವೋ ಅಷ್ಟು ಗಾಣಕ್ಕೂ ಒಂದೊಂದು ಪಳಿ ಎಣ್ಣೆ ಮಠಕ್ಕೆ. ಇದನ್ನು ಓದಿ ನನಗೆ ರೋಮಾಂಚನವಾಯಿತು. ಗಣಿತ ಚರಿತ್ರೆಯ ಪುಸ್ತಕಗಳಲ್ಲಿ ಗಾಣಿಗರು ಬರುವುದಿಲ್ಲ. ಇಲ್ಲಿ ಬೀಜಗಣಿತದ ಪಾಠಕ್ಕೆ ದೀಪದ ಎಣ್ಣೆ ಕೊಟ್ಟವರು ಅವರು. ದೀಪಕ್ಕೋ ಒಗ್ಗರಣೆಗೋ, ಎರಡಕ್ಕೂ ಇರಬಹುದು.

*

ಹಾಂಕೆಲ್ ನೋಡಿದ್ದು ಶ್ಲೋಕ. ಶ್ಲೋಕ ಬಾಯಿಪಾಠಕ್ಕೆ. ಅದರಲ್ಲಿ ಸೂತ್ರ ಇರುತ್ತದೆ, ‘ಯಾಕೆ’ ಇರುವುದಿಲ್ಲ. ‘ಯಾಕೆ’ ಹೇಳುವುದು ಎದುರಿಗೆ ಕುಳಿತ ಗುರು, ಧೂಳಿನ ಹಲಗೆಯ ಮೇಲೆ ಗೆರೆ ಎಳೆಯುತ್ತ. ಅದಕ್ಕೆ ಉಪಪತ್ತಿ ಎಂದು ಹೆಸರೂ ಇದೆ. ಉಪಪತ್ತಿ ತಿಳಿಯದ ಗಣಕ ದೊಡ್ಡವರ ಸಭೆಯಲ್ಲಿ ದೊಡ್ಡವನಾಗುವುದಿಲ್ಲ, ಅವನಿಗೇ ಸಂಶಯ ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಭಾಸ್ಕರ ಗೋಲಾಧ್ಯಾಯದಲ್ಲಿ ಹೇಳಿದ್ದಾನೆ. ಇಂಥವನು ಸಾಧನೆಯ ಬೆಲೆ ತಿಳಿಯದವನೆ?

‘ನೋಡು’ ಎಂಬ ಆಕೃತಿಯನ್ನೇ ತೆಗೆದುಕೊಳ್ಳಿ. ಭಾಸ್ಕರನ ‘ಬೀಜಗಣಿತ’ ಗ್ರಂಥದಲ್ಲಿ ಒಂದು ಲಂಬಕೋನ ತ್ರಿಕೋನ, ಬಾಹುಗಳು 15 ಮತ್ತು 20, ಕರ್ಣ ಎಷ್ಟು? ಅಂಥ ನಾಲ್ಕು ತ್ರಿಕೋನ ಮಾಡಿ, ಕರ್ಣಗಳು ಹೊರಗೆ ಬರುವಂತೆ ಜೋಡಿಸಿದರೆ ದೊಡ್ಡ ಚೌಕವಾಗುತ್ತದೆ. ನಡುವೆ 5 ಬಾಹುವಿನ ಸಣ್ಣ ಚೌಕ ಖಾಲಿ ಉಳಿಯುತ್ತದೆ, 20ರಲ್ಲಿ 15 ಕಳೆದದ್ದು. ಒಂದು ತ್ರಿಕೋನದ ಕ್ಷೇತ್ರಫಲ 150, ನಾಲ್ಕಕ್ಕೆ 600, ನಡುವಿನ ಚೌಕ 25, ಒಟ್ಟು 625. ಕರ್ಣ 25. ಸಂಖ್ಯೆಗಳ ಜಾಗದಲ್ಲಿ ಯಾವ ಬಾಹು ಇಟ್ಟರೂ ಇದೇ ಜೋಡಣೆ ನಡೆಯುತ್ತದೆ. ಇದು ಸಾಧನೆಯಲ್ಲದೆ ಮತ್ತೇನು? ಭಾಸ್ಕರ ಬರಿದೆ ‘ನೋಡು’ ಎಂದು ಕೈ ತೊಳೆದುಕೊಂಡಿಲ್ಲ. ಸ್ವಂತ ವ್ಯಾಖ್ಯಾನದಲ್ಲಿ ಲೆಕ್ಕ ಬಿಡಿಸಿದ್ದಾನೆ. ಆಮೇಲಿನ ವ್ಯಾಖ್ಯಾನಗಳಲ್ಲಿ ಗಣೇಶ ದೈವಜ್ಞನ ಬುದ್ಧಿವಿಲಾಸಿನಿ 1545ರದು, ಕೃಷ್ಣ ದೈವಜ್ಞನ ಬೀಜಪಲ್ಲವ ಸುಮಾರು 1600ರದು. ಎರಡರ ತುಂಬ ಉಪಪತ್ತಿಗಳೇ.

ಇನ್ನೂ ಸೋಜಿಗದ್ದು: ಕೋಲ್‌ಬ್ರೂಕ್ ತನ್ನ ಅಡಿಟಿಪ್ಪಣಿಗಳಲ್ಲಿ ಈ ವ್ಯಾಖ್ಯಾನಕಾರರಿಂದ ಬೇಕಾದಷ್ಟು ಆಯ್ದು ಕೊಟ್ಟಿದ್ದಾನೆ. ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ. ಹಾಂಕೆಲ್‌ನ ಕಣ್ಣಿಗೆ ಬಿದ್ದಿರಲೇಬೇಕು. ಆದರೆ ಅವನು ಯೂಕ್ಲಿಡ್‌ನನ್ನು ಮೂಲದಲ್ಲಿ ಓದಿ ಬೆಳೆದವನು. ಸ್ವಯಂಸಿದ್ಧ ಮೊದಲು, ಅದರ ಮೇಲೆ ಪ್ರಮೇಯ, ಅದರ ಮೇಲೆ ಇನ್ನೊಂದು. ಆ ವೇಷದಲ್ಲಿ ಬಾರದ್ದನ್ನು ಅವನು ಸಾಧನೆಯೆಂದು ಗುರುತಿಸಲಿಲ್ಲ. ಗ್ರೀಕರ ಗೆರೆಯನ್ನು ದಾಟಿ ಕರಣಿಯನ್ನು ಸಂಖ್ಯೆ ಎಂದು ಒಪ್ಪುವಷ್ಟು ವಿಶಾಲ ಮನಸ್ಸು, ಸಾಧನೆಯ ವಿಷಯಕ್ಕೆ ಬಂದಾಗ ಗ್ರೀಕರ ಹೊಸಿಲಲ್ಲೇ ಕುಳಿತುಬಿಟ್ಟಿತು.

*

ಬಾಹಾಳ ಎಂಬ ಊರೂ ಇದೇ ಸೀಮೆಯದು. ಅಲ್ಲಿಯ 1222ರ ಶಾಸನ ಅನಂತದೇವನದು. ಅವನು ಭಾಸ್ಕರನ ಒಡಹುಟ್ಟಿದ ಶ್ರೀಪತಿಯ ಮೊಮ್ಮಗ. ಸಿಂಘಣನ ಜ್ಯೋತಿಷಿಗಳಲ್ಲಿ ಒಬ್ಬ. ಮನೆತನಕ್ಕೆ ಮನೆತನವೇ ಇದೇ ಕಸುಬು. ತಲೆಮಾರುಗಳ ಕಾಲ ಒಂದೇ ಮನೆಯ ಊಟದ ಪಂಕ್ತಿಯಲ್ಲಿ ಚರ್ಚೆಯಾದದ್ದನ್ನು ಯಾವ ತಾಳೆಗರಿಯಲ್ಲಿ ಹುಡುಕುವುದು?

*

ಸೊನ್ನೆಯ ಲೆಕ್ಕ ನನ್ನನ್ನು ಸತಾಯಿಸುತ್ತಿದೆ. ಲೀಲಾವತಿಯಲ್ಲಿದೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63. ಸಂಖ್ಯೆ ಯಾವುದು? ಉತ್ತರ 14. ಇನ್ನೂ ಕ್ರಿಯೆ ಬಾಕಿ ಇದ್ದರೆ ಸೊನ್ನೆಯ ಗುಣಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು, ಆಮೇಲೆ ಸೊನ್ನೆಯಿಂದ ಭಾಗಿಸಿದಾಗ ಎರಡೂ ಹೋಗುತ್ತವೆ ಎಂಬುದು ಭಾಸ್ಕರನ ಸಲಹೆ. ಹದಿನಾಲ್ಕರ ನಾಲ್ಕೂವರೆ ಪಟ್ಟು 63. ಸರಿ.

ಸರಿಯೆ? ಪರೀಕ್ಷೆಯಲ್ಲಿ ಹುಡುಗ ಹೀಗೆ ಬರೆದರೆ ನಾನು ಸೊನ್ನೆ ಅಂಕ ಕೊಡುತ್ತೇನೆ. ಹಾಂಕೆಲ್‌ನ ನಿಯಮದ ಪ್ರಕಾರವೂ ಇದು ನಿಲ್ಲದು: ಸೊನ್ನೆಯಿಂದ ಭಾಗಿಸಲು ಬಿಟ್ಟರೆ ಒಂದೂ ಎರಡೂ ಸಮ ಎಂದು ಸಾಧಿಸಬಹುದು, ಹಳೆಯ ನಿಯಮ ಒಂದೂ ಉಳಿಯದು. ಇಷ್ಟಾದರೂ ಭಾಸ್ಕರನ ಮನಸ್ಸಿನಲ್ಲಿ ಏನೋ ಇತ್ತು. ಸೊನ್ನೆಯ ಹತ್ತಿರ ಹೋಗುತ್ತಿರುವ ರಾಶಿಯನ್ನು ಅವನು ಸೊನ್ನೆ ಎಂದೇ ಬರೆದಂತೆ ಕಾಣುತ್ತದೆ. ಗ್ರಹಗತಿಯ ಲೆಕ್ಕದಲ್ಲಿ ತಾತ್ಕಾಲಿಕ ಗತಿಯನ್ನು ಬಳಸಿದವನಿಗೆ ಇದು ಪರಕೀಯವೇನಲ್ಲ. ಇದು ನನ್ನ ಊಹೆ, ಅಷ್ಟೇ. ಇಲ್ಲಿ ಮಾತ್ರ ಹಾಂಕೆಲ್‌ನ ಪಕ್ಷ. ನಿಯಮ ಬರೆದಿಡದ ಜಾಣತನ ಶಿಷ್ಯನ ಕೈಗೆ ಹೋದಾಗ ಅಪಾಯ.

*

ಫ್ರೇಗೆ! ಇವನನ್ನು ಮರೆಯಬಾರದು. ಯೆನಾದ ತರ್ಕಶಾಸ್ತ್ರಿ. 1884ರಲ್ಲಿ ಅಂಕಗಣಿತದ ತಳಹದಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹಾಂಕೆಲ್‌ನನ್ನೇ ಹಿಡಿದು ಅಲ್ಲಾಡಿಸುತ್ತಾನೆ. ವಿರೋಧ ಇಲ್ಲದಿದ್ದರೆ ಸಾಕು ಎನ್ನುತ್ತೀಯಲ್ಲ, ವಿರೋಧ ಇಲ್ಲ ಎಂದು ಯಾರು ಸಾಧಿಸಿದರು? ಇದುವರೆಗೆ ಕಂಡಿಲ್ಲ ಎಂದರೆ ಇಲ್ಲ ಎಂದಾಯಿತೆ? ಬೇಕೆಂದ ಮಾತ್ರಕ್ಕೆ ಸಂಖ್ಯೆ ಹುಟ್ಟುತ್ತದೆಯೆ? ಅವನ ಆಕ್ಷೇಪದ ಸಾರ ಹೀಗೆ. ‘ನೋಡು’ ಎಂದವರನ್ನು ಕಂಡು ಹುಬ್ಬೇರಿಸಿದ ಹಾಂಕೆಲ್‌ಗೇ ಸತ್ತ ಹನ್ನೊಂದು ವರ್ಷಕ್ಕೆ ‘ನಿನ್ನ ಸಾಧನೆ ಎಲ್ಲಿ?’ ಎಂಬ ಪ್ರಶ್ನೆ ಬಂತು. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಬರೆದುಬಿಡುತ್ತೇನೆ. ಫ್ರೇಗೆಯ ಕಟ್ಟಡವನ್ನೂ 1902ರಲ್ಲಿ ರಸೆಲ್‌ನ ಒಂದು ಪತ್ರ ಬಿರುಕು ಬಿಡಿಸಿತು, ಅದು ಬೇರೆ ಕಥೆ.

*

ಮಾಂಗಿ-ತುಂಗಿ. ಸಟಾಣಾ ಬದಿಯ ಜೋಡಿ ಶಿಖರ, ಜೈನರ ಸಿದ್ಧಕ್ಷೇತ್ರ. ಬೆಟ್ಟದ ಬಂಡೆಯಲ್ಲೇ ಕಡೆದ 108 ಅಡಿಯ ವೃಷಭನಾಥ 2016ರಲ್ಲಿ ಪೂರ್ಣಗೊಂಡ. ನಮ್ಮ ಕಡೆಯ ಯಾತ್ರಿಕರೂ ಕಂಡರು, ಬೆಳಗಾವಿ ಕನ್ನಡ ಕಿವಿಗೆ ಬಿತ್ತು.

ಅಲ್ಲಿ ನೆನಪಾದವನು ಮಹಾವೀರಾಚಾರ್ಯ. ಅಮೋಘವರ್ಷ ನೃಪತುಂಗನ ಕಾಲದವನು, ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದ ಜೈನ ಗಣಿತಜ್ಞ. ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಹೇಳಿದವನು. ಒಂದು ವಾಕ್ಯ, ಒಂದು ಕಾರಣ. ಇಲ್ಲದ್ದು ಯಾಕಿಲ್ಲ ಎಂದು ಹೇಳುವುದು ಶುದ್ಧ ತರ್ಕದ ಕೆಲಸ. ಆ ಇಲ್ಲದ ಮೂಲಗಳ ಬಗ್ಗೆಯೇ ಹಾಂಕೆಲ್ 1867ರಲ್ಲಿ ಪುಸ್ತಕ ಬರೆದ. ಮಹಾವೀರನ ಪುಸ್ತಕವನ್ನು ರಂಗಾಚಾರ್ಯರು ಮದರಾಸಿನಲ್ಲಿ ಅನುವಾದದೊಂದಿಗೆ ಹೊರತಂದದ್ದು 1912ರಲ್ಲಿ. ಹಾಂಕೆಲ್‌ಗೆ ಸಿಗುವ ಮಾತೇ ಇಲ್ಲ. ಕನ್ನಡಿಗರಾದ ನಮಗೆ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂದದ್ದು 2000ದಲ್ಲಿ. ಮಳಖೇಡದ ದೊರೆಯ ಆಶ್ರಯದ ಪುಸ್ತಕ ಕನ್ನಡಕ್ಕೆ ಬರಲು ಹನ್ನೊಂದೂವರೆ ಶತಮಾನ! ಹಾಂಕೆಲ್‌ನನ್ನು ಬೈಯುವ ಮುಂಚೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

*

ಚಕ್ರವಾಲಕ್ಕೆ ಬರೋಣ. ಹಾಂಕೆಲ್ ಇಲ್ಲಿ ಒಂದು ನಿಜವಾದ ಪ್ರಶ್ನೆ ಎತ್ತಿದ್ದಾನೆ.

ಲೆಕ್ಕ ಇದು. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೆ ವರ್ಗಸಂಖ್ಯೆಯೇ ಬರಬೇಕು. ಅಂಥ ಸಂಖ್ಯೆ ಯಾವುದು? 1657ರಲ್ಲಿ ಫರ್ಮಾ ಇದನ್ನೇ ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟ. ಭಾಸ್ಕರ 1150ರಲ್ಲೇ ಉತ್ತರ ಕೊಟ್ಟಿದ್ದ: 22,61,53,980. ಅದರ ವರ್ಗಕ್ಕೆ 61 ಗುಣಿಸಿ ಒಂದು ಕೂಡಿಸಿದರೆ 1,76,63,19,049ರ ವರ್ಗ. ಇದಕ್ಕಿಂತ ಚಿಕ್ಕ ಉತ್ತರವೇ ಇಲ್ಲ.

ದಾರಿ ಹೀಗೆ. 61ಕ್ಕೆ ಹತ್ತಿರದ ವರ್ಗ 64, ಎಂಟರದು. ಅಂತರ 3, ಇದು ಕ್ಷೇಪ. ಮುಂದಿನ ಹೆಜ್ಜೆಗೆ ಒಂದು ಗುಣಕ ಆರಿಸಬೇಕು. ಎಂಟಕ್ಕೆ ಕೂಡಿಸಿದರೆ ಮೊತ್ತ 3ರಿಂದ ನಿಶ್ಶೇಷವಾಗಿ ಭಾಗವಾಗಬೇಕು, ಅದರ ವರ್ಗವೂ 61ಕ್ಕೆ ಆದಷ್ಟು ಹತ್ತಿರ ಇರಬೇಕು. 7 ಹೊಂದುತ್ತದೆ. ಅದರಿಂದ 39 ಮತ್ತು 5 ಹುಟ್ಟುತ್ತವೆ: 39ರ ವರ್ಗ 1,521, ಐದರ ವರ್ಗದ 61 ಪಟ್ಟು 1,525. ಕ್ಷೇಪ ಋಣ 4. ಇಲ್ಲಿಗೆ ಬಂದರೆ ಎರಡು ಉತ್ತರ ಬೆರೆಸಿ ಮೂರನೆಯದನ್ನು ಹುಟ್ಟಿಸುವ ಬ್ರಹ್ಮಗುಪ್ತನ ‘ಭಾವನೆ’ ಎಂಬ ಸೂತ್ರ ಉಳಿದ ಕೆಲಸ ಮುಗಿಸುತ್ತದೆ. ಎರಡು ಹೆಜ್ಜೆ, ಆಮೇಲೆ ಭಾವನೆ. ಭಾವನೆಯನ್ನು ಬಿಟ್ಟು ಚಕ್ರವನ್ನೇ ಉರುಳಿಸಿದರೂ ಹದಿನಾಲ್ಕು ಹೆಜ್ಜೆಗೆ ಮುಗಿಯುತ್ತದೆ. ಲಗ್ರಾಂಜನ ವಿತತ ಭಿನ್ನರಾಶಿಗೆ 22 ಬೇಕು.

ಹಾಂಕೆಲ್ ಈ ಜಾಣ್ಮೆಯನ್ನು ಮನಸಾರೆ ಮೆಚ್ಚಿದ. ಕೊರತೆ ಅಂತ ಹೇಳಿದ್ದು ಒಂದನ್ನೇ: ಯಾವ ಸಂಖ್ಯೆ ಹಿಡಿದರೂ ಈ ಚಕ್ರ ಉರುಳಿ ಉರುಳಿ ಕೊನೆಗೆ ಒಂದಕ್ಕೆ ಬಂದೇ ತೀರುತ್ತದೆ ಎಂಬುದಕ್ಕೆ ಸಾಧನೆ ಇಲ್ಲ, ಉತ್ತರ ಇದ್ದೇ ಇರುತ್ತದೆ ಎಂದು ಸಾಧಿಸಿದವನು ಲಗ್ರಾಂಜ. ಇದು ನ್ಯಾಯವಾದ ಮಾತು. ವ್ಯಾಖ್ಯಾನಗಳನ್ನು ತಿರುವಿದರೆ ಒಂದೊಂದು ಹೆಜ್ಜೆ ಯಾಕೆ ಸರಿ ಎಂಬುದಕ್ಕೆ ಉಪಪತ್ತಿ ಸಿಗುತ್ತದೆ. ಆದರೆ ಹೆಜ್ಜೆಗಳು ಎಂದಾದರೂ ಮುಗಿಯುತ್ತವೆಯೇ ಎಂಬ ಪ್ರಶ್ನೆ ನನ್ನ ಕಣ್ಣಿಗೆ ಬಿದ್ದಿಲ್ಲ. ಮಠದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಹಿಡಿದ ಲೆಕ್ಕ ಪ್ರತಿಸಲ ಮುಗಿಯುತ್ತಿದ್ದರೆ ಯಾಕಾದರೂ ಕೇಳುತ್ತಾರೆ?

ಚಕ್ರವಾಲ ಭಾಸ್ಕರನಿಗಿಂತಲೂ ಹಳೆಯದು. 1073ರ ಉದಯದಿವಾಕರನ ವ್ಯಾಖ್ಯಾನದಲ್ಲಿ ಜಯದೇವ ಎಂಬವನ ಶ್ಲೋಕಗಳು ಉದ್ಧೃತವಾಗಿವೆ ಎಂದು ಕೃಪಾಶಂಕರ ಶುಕ್ಲ 1954ರಲ್ಲಿ ತೋರಿಸಿದರು. ಹಾಂಕೆಲ್‌ಗೆ ಇದೂ ಗೊತ್ತಿರಲಿಲ್ಲ.

*

ನಾಸಿಕದ ಬಳಿ ದೇವಳಾಲಿ. ಅಲ್ಲಿ ಶಾಲಾ ಮಾಸ್ತರರಾಗಿದ್ದವರು ಕಾಪ್ರೇಕರ್. ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಬಾರದು. ಇಳಿಕೆಯಲ್ಲಿ ಬರೆದದ್ದರಲ್ಲಿ ಏರಿಕೆಯಲ್ಲಿ ಬರೆದದ್ದನ್ನು ಕಳೆಯಿರಿ, ಮತ್ತೆ ಹಾಗೇ ಮಾಡಿ. 3524 ಹಿಡಿದರೆ 3087, 8352, ಆಮೇಲೆ 6174. ಯಾವುದನ್ನು ಹಿಡಿದರೂ ಏಳು ಹೆಜ್ಜೆಯೊಳಗೆ 6174. ಯಾಕೆ? ಎಲ್ಲ ಸಂಖ್ಯೆಗಳನ್ನೂ ಹಾಕಿ ನೋಡಿದರೆ ಆಯಿತು, ಇರುವುದೇ ಹತ್ತು ಸಾವಿರದೊಳಗೆ. ಇಲ್ಲಿ ‘ನೋಡು’ ಎನ್ನುವುದೇ ಸಂಪೂರ್ಣ ಸಾಧನೆ. ಚಕ್ರವಾಲದಲ್ಲಿ ಹಾಗಲ್ಲ. 61 ಮುಗಿಯಿತು, 67 ಮುಗಿಯಿತು, ಅದರಾಚೆಯದು? ಸಂಖ್ಯೆಗಳು ಮುಗಿಯುವುದಿಲ್ಲವಲ್ಲ.

*

ಸಾಧನೆ ಕೊನೆಗೆ ಬಂದದ್ದು ಮೈಸೂರಿನಿಂದ. ಮಹಾರಾಜಾ ಕಾಲೇಜಿನ ಗಣಿತದ ಪ್ರಾಧ್ಯಾಪಕ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ 1929-30ರ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಚಕ್ರವಾಲದ ಮೇಲೆ ಲೇಖನ ಬರೆದರು. ಇದು ಲಗ್ರಾಂಜನ ಪದ್ಧತಿಯ ಹಳೆಯ ಅವತಾರ ಎಂದು ಅದುವರೆಗೆ ಹಲವರು ತಿಳಿದಿದ್ದರು. ಅಲ್ಲ, ಇದು ಬೇರೆಯೇ ಜಾತಿಯ ವಿತತ ಭಿನ್ನರಾಶಿ, ಹತ್ತಿರದ ವರ್ಗವನ್ನು ಆರಿಸುವಂಥದು, ಆದ್ದರಿಂದಲೇ ಹೆಜ್ಜೆ ಕಡಿಮೆ ಎಂದು ಅಯ್ಯಂಗಾರರು ತೋರಿಸಿದರು. ಚಕ್ರ ಮುಗಿದೇ ಮುಗಿಯುತ್ತದೆ ಎಂಬುದನ್ನೂ ಸಾಧಿಸಿದರು. ಹಾಂಕೆಲ್ ಕೊರತೆ ಎಂದದ್ದನ್ನು ಅವನ ಪುಸ್ತಕ ಬಂದ ಸುಮಾರು ಐವತ್ತೈದು ವರ್ಷಕ್ಕೆ, ಚಕ್ರವಾಲದ ಒಳಗಿನಿಂದಲೇ, ಕರ್ನಾಟಕದ ಒಬ್ಬ ಅಧ್ಯಾಪಕರು ತುಂಬಿದರು. ವಿಜಯಪುರವೋ ಪಾಟಣೆಯೋ ಎಂದು ಜಗಳವಾಡುವ ನಮಗೆ ಈ ಹೆಸರು ಗೊತ್ತೆ? ಮಾಮಾನನ್ನು ಕೇಳಿದೆ. ‘ಯಾರವ?’ ಅಂದ. ಎ. ಕೆ. ರಾಮಾನುಜನ್ನರ ತಂದೆ ಎಂದೆ. ‘ಹೊಕ್ಕುಳಲ್ಲಿ ಹೂವಿಲ್ಲ’ದ ಕವಿ. 1929ರಲ್ಲಿ ಮಗ ಹುಟ್ಟಿದ, ಅದೇ ಸುಮಾರಿಗೆ ಈ ಲೇಖನ.

ರಾಮಾನುಜನ್ ತಮ್ಮ ಪ್ರಸಿದ್ಧ ಪ್ರಬಂಧವೊಂದರಲ್ಲಿ ಈ ತಂದೆಯ ಬಗ್ಗೆ ಬರೆದಿದ್ದಾರೆ. ಗಣಿತ, ಖಗೋಳ, ಜೊತೆಗೆ ಜಾತಕ. ರಸೆಲ್‌ನ ಬಗ್ಗೆಯೂ ಮಾತು, ಗೀತೆಯ ಬಗ್ಗೆಯೂ ಮಾತು. ಎರಡೂ ಒಂದೇ ತಲೆಯಲ್ಲಿ ಹೇಗೆ ಎಂದು ಕೇಳಿದ ಮಗನಿಗೆ, ಮಿದುಳಿಗೆ ಎರಡು ಹಾಲೆಗಳಿವೆ ಗೊತ್ತಿಲ್ಲವೆ ಎಂದು ಅಪ್ಪ ನಕ್ಕರಂತೆ. ಚಂಗದೇವನೂ ಆಸ್ಥಾನ ಜ್ಯೋತಿಷಿಯೇ ಆಗಿದ್ದ. ಇದರಲ್ಲಿ ನನಗೆ ವಿಚಿತ್ರ ಎನಿಸುವುದು ನಂಬಿಕೆಯಲ್ಲ. ಜಾತಕದ ಅನ್ನದಿಂದಲೇ ಬೀಜಗಣಿತ ಬದುಕಿತು ಎನ್ನುವುದು. ಟ್ಯೂಬಿಂಗೆನ್‌ನ ಪ್ರೊಫೆಸರಿಗೆ ಸಂಬಳವಿತ್ತು.

*

ಊರಿಗೆ ಹೋಗಿ ಶಾಲೆ ತೆರೆದ ಮೇಲೆ ಬರೆದದ್ದು. ಹತ್ತನೆತ್ತೆಗೆ 67ರ ಲೆಕ್ಕ ಹಾಕಿಸಿದೆ. ಭಾಸ್ಕರನದೇ ಇನ್ನೊಂದು ಉದಾಹರಣೆ. ಪಠ್ಯದಲ್ಲಿಲ್ಲ, ಮಳೆ ಬಂದು ಆಟದ ಪಿರಿಯಡ್ ತಪ್ಪಿತ್ತು. 8ರಿಂದ ಶುರು, ಕ್ಷೇಪ ಋಣ 3. ಮುಂದೆ 41 ಮತ್ತು 5, ಕ್ಷೇಪ 6. ಆಮೇಲೆ 90 ಮತ್ತು 11, ಕ್ಷೇಪ ಋಣ 7. ಆಮೇಲೆ 221 ಮತ್ತು 27, ಕ್ಷೇಪ ಋಣ 2. ಅಲ್ಲಿಂದ ಒಂದು ಭಾವನೆ, ಉತ್ತರ 5,967 ಮತ್ತು 48,842. ಗುಣಿಸಿ ನೋಡಿ ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಹೊಡೆಯಲಿಲ್ಲ. ‘ಸರ್, ನಮಗ ಬೇಕಾಗಿದ್ದು 1. ಇದು ಮೂರು ಇದ್ದದ್ದು ಆರಾತು, ಆರಿದ್ದದ್ದು ಏಳಾತು. ದೂರ ಹೊಂಟಿತ್ತಲ್ಲ. ಮತ್ತ ಹೊಳ್ಳಿ ಬರತೈತಿ ಅಂತ ಏನ್ ಗ್ಯಾರಂಟಿ?’ ಅಂದಳು.

ಅಯ್ಯಂಗಾರರ ಲೇಖನವನ್ನು ಹತ್ತನೆತ್ತೆಗೆ ತಿಳಿಯುವ ಹಾಗೆ ಬಿಡಿಸಿ ಬರೆಯಲು ಕುಳಿತಿದ್ದೇನೆ. ಕ್ಷೇಪ ಒಂದು ಮಿತಿಯನ್ನು ದಾಟಿ ಬೆಳೆಯಲಾರದು ಎಂಬಲ್ಲಿಗೆ ಬಂದಿದೆ.